ಹಳೆ ಎಚ್‌ಡಿ ಟಿವಿ ಇನ್ನೂ ಎಷ್ಟು ವರ್ಷ ಬಂದೀತು? ಮನೆಯಲ್ಲೇ ನೋಡುವುದು ಹೀಗೆ

ಕುಮಟೆಯ ನಮ್ಮ ಮನೆಯಲ್ಲಿ 32 ಇಂಚಿನ ಎಲ್‌ಸಿಡಿ ಟಿವಿ ಇದೆ. 2011ರ ಕ್ರಿಕೆಟ್ ವಿಶ್ವಕಪ್ ನೋಡಲಿಕ್ಕೆ ಅಂತಲೇ ತಂದದ್ದು. ಏಪ್ರಿಲ್ 2ರ ಫೈನಲ್ ದಿನ ಜಗಲಿ ತುಂಬ ಜನ ಕೂತಿದ್ದರು. 14 ವರ್ಷ ಕಳೆದ ಮೇಲೂ ಆಯಿ ಸಂಜೆ ದೀಪ ಹಚ್ಚಿದ ಮೇಲೆ ಹಾಕುವುದು ಅದನ್ನೇ.

ನಡುವೆ ಒಮ್ಮೆ ಕೈಕೊಟ್ಟಿತ್ತು. 2017ರ ಮಳೆಗಾಲ. ಕೆಂಪು ದೀಪ ಮಿಣುಕುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ‘ಆರು ವರ್ಷ ಬಂತಲ್ಲ, ಸಾಕು, ಹೊಸದು ತಗೊಳ್ಳಿ’ ಅಂದರು ನೋಡಿದವರೆಲ್ಲ. ಪೇಟೆಯ ರಿಪೇರಿ ಅಂಗಡಿಯವರು ಹಿಂಬದಿ ಬಿಚ್ಚಿ ಎರಡು ಕೆಪ್ಯಾಸಿಟರ್ ತೋರಿಸಿದರು. ಕರೆಂಟನ್ನು ಹಿಡಿದಿಟ್ಟು ಬಿಡುವ, ಸಣ್ಣ ಡಬ್ಬಿಯಂಥ ಭಾಗ ಅದು. ತಲೆ ಚಪ್ಪಟೆ ಇರಬೇಕಾದದ್ದು ಇಡ್ಲಿಯ ಹಾಗೆ ಉಬ್ಬಿತ್ತು. ನೆತ್ತಿಯ ಗೀರು ಬಿರಿದು ಕಂದು ಬಣ್ಣದ ಅಂಟು ಒಸರಿತ್ತು. ಎರಡನ್ನೂ ಕಿತ್ತು ಹೊಸದನ್ನು ಬೆಸೆದರು. ಅರ್ಧ ಗಂಟೆಯ ಕೆಲಸ. ಅಂದಿನಿಂದ ಅದು ಮತ್ತೆ ನಿಂತಿಲ್ಲ.

ಅವತ್ತೇ ನನಗೆ ಗೊತ್ತಾದದ್ದು, ಟಿವಿಗೆ ಒಂದೇ ಆಯುಷ್ಯ ಇರುವುದಿಲ್ಲ. ಚಿತ್ರ ಮೂಡಿಸುವ ಪ್ಯಾನೆಲ್‌ಗೆ ಒಂದು, ಅದರ ಹಿಂದೆ ಉರಿಯುವ ಬ್ಯಾಕ್‌ಲೈಟ್‌ಗೆ ಒಂದು, ಕರೆಂಟ್ ಹಂಚುವ ಸಪ್ಲೈ ಬೋರ್ಡ್‌ಗೆ ಒಂದು, ವೈರುಗಳೆಲ್ಲ ಬಂದು ಸೇರುವ ಮೇನ್ ಬೋರ್ಡ್‌ಗೆ ಇನ್ನೊಂದು. ಯಾವುದು ಹೋಗಿದೆ ಅಂತ ತಿಳಿಯದೆ ಇಡೀ ಟಿವಿಯನ್ನೇ ಕೊಟ್ಟುಬಿಡುವವರು ನಮ್ಮ ಕಡೆ ಬಹಳ. ಹಾಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಿಂಬದಿಯ ಚೀಟಿ ಓದಿ

ಟಿವಿಯ ಬೆನ್ನಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಮಾಡೆಲ್ ನಂಬರ್, ವೋಲ್ಟ್, ವ್ಯಾಟ್ ಅದರಲ್ಲಿರುತ್ತವೆ. ತಯಾರಾದ ವರ್ಷವೂ ಎಷ್ಟೋ ಟಿವಿಗಳಲ್ಲಿ ಇರುತ್ತದೆ. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ರಿಪೇರಿಗೂ ಬೇಕಾಗುತ್ತದೆ.

32 ಇಂಚಿನ ಟಿವಿಗೆ 100 ವ್ಯಾಟ್‌ಗಿಂತ ಜಾಸ್ತಿ ಬರೆದಿದ್ದರೆ ಹೆಚ್ಚಾಗಿ ಅದು ಟ್ಯೂಬ್ ಬೆಳಕಿನ ಹಳೆ ಎಲ್‌ಸಿಡಿ. ಪೆನ್ಸಿಲ್‌ಗಿಂತ ಸಪೂರದ ಟ್ಯೂಬ್‌ಲೈಟುಗಳು ಪರದೆಯ ಹಿಂದೆ ಸಾಲಾಗಿರುತ್ತವೆ. 50 ವ್ಯಾಟ್ ಆಸುಪಾಸು ಇದ್ದರೆ ಎಲ್‌ಇಡಿ. ಇಬ್ಬರು ಹಿಡಿದು ಎತ್ತಬೇಕಾದಷ್ಟು ಭಾರ, ಮುಂದೆ ದಪ್ಪ ಗಾಜು, 200 ವ್ಯಾಟ್ ಮೇಲೆ ಅಂದರೆ ಪ್ಲಾಸ್ಮಾ. ಅದರ ತಯಾರಿಕೆಯನ್ನು ದೊಡ್ಡ ಕಂಪನಿಗಳು 2013, 2014ರ ಹೊತ್ತಿಗೆ ನಿಲ್ಲಿಸಿದವು. ನಡೆಯುವಷ್ಟು ದಿನ ನಡೆಯಲಿ, ಪ್ಯಾನೆಲ್ ಹೋದರೆ ಖರ್ಚು ಮಾಡಬೇಡಿ.

ಇನ್ನು ಗಂಟೆಗಳ ಲೆಕ್ಕ. ಟ್ಯೂಬ್ ಬ್ಯಾಕ್‌ಲೈಟ್‌ಗೆ ಸಾಮಾನ್ಯವಾಗಿ 50,000ದಿಂದ 60,000 ಗಂಟೆ ಅಂತ ಕಂಪನಿಗಳು ಹೇಳುತ್ತಿದ್ದವು. ಬೆಳಕು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ ಅದು. ಅಷ್ಟಾದ ಮೇಲೂ ಟಿವಿ ಉರಿಯುತ್ತದೆ, ಮಂಕಾಗಿ. ಆಯಿ ದಿನಕ್ಕೆ ಐದು ಗಂಟೆ ನೋಡುತ್ತಾಳೆ. ವರ್ಷಕ್ಕೆ 1,825 ಗಂಟೆ, 14 ವರ್ಷಕ್ಕೆ 25,550. ಇನ್ನೂ ಅರ್ಧದಷ್ಟು ಬಾಕಿ! ಅದೇ ಟಿವಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ದಿನಕ್ಕೆ 14 ಗಂಟೆ ಉರಿದಿದ್ದರೆ ಹತ್ತು ವರ್ಷದೊಳಗೆ 50,000 ದಾಟುತ್ತಿತ್ತು. ಸೆಕೆಂಡ್ ಹ್ಯಾಂಡ್ ಟಿವಿ ತಗೊಳ್ಳುವವರು ಯಾವ ವರ್ಷದ್ದು ಅಂತ ಕೇಳುವ ಜೊತೆಗೆ ಎಲ್ಲಿ ನಡೆದದ್ದು ಅಂತಲೂ ಕೇಳಬೇಕು.

ಹಾಗಾದರೆ ಆರೇ ವರ್ಷಕ್ಕೆ ಯಾಕೆ ನಿಂತಿತು? ಬಿಸಿ. ಕೆಪ್ಯಾಸಿಟರ್ ಒಳಗೆ ಒಂದು ಬಗೆಯ ದ್ರವ ಇರುತ್ತದೆ, ಬಿಸಿಗೆ ಅದು ಆರುತ್ತಾ ಬರುತ್ತದೆ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವಂತೆ ಮಾಡಿದ ಕೆಪ್ಯಾಸಿಟರ್, ಬಿಸಿ ಹತ್ತು ಡಿಗ್ರಿ ಇಳಿದ ಹಾಗೆಲ್ಲ ಸುಮಾರು ಎರಡು ಪಟ್ಟು ಬಾಳುತ್ತದೆ. 65 ಡಿಗ್ರಿಯಲ್ಲಿ 32,000 ಗಂಟೆ, 55 ಡಿಗ್ರಿಯಲ್ಲಿ 64,000. ನಾವು ನಮ್ಮ ಟಿವಿಯನ್ನು ಮರದ ಕಪಾಟಿನ ಗೂಡಿನಲ್ಲಿ ಕೂರಿಸಿದ್ದೆವು. ಮೇಲೆ, ಹಿಂದೆ, ಪಕ್ಕದಲ್ಲಿ ಗಾಳಿಯೇ ಇರಲಿಲ್ಲ. ರಿಪೇರಿ ಆದ ದಿನವೇ ಹೊರಗೆ ಮೇಜಿನ ಮೇಲೆ ಇಟ್ಟೆವು.

ಚಿತ್ರ ಮಸುಕಾ? ವೈರು ನೋಡಿ

‘ಟಿವಿ ಹಳತಾಯ್ತು, ಚಿತ್ರ ಚೊಕ್ಕ ಬರುವುದಿಲ್ಲ’ ಅನ್ನುವ ಮನೆಗೆ ಹೋದರೆ ನಾನು ಮೊದಲು ಸೆಟ್‌ಟಾಪ್ ಬಾಕ್ಸ್ ಹಿಂದೆ ಬಗ್ಗಿ ನೋಡುತ್ತೇನೆ. ಅಲ್ಲಿ ಹಳದಿ, ಕೆಂಪು, ಬಿಳಿ ಪಿನ್ನಿನ ಹಳೆ ವೈರು ಚುಚ್ಚಿದ್ದರೆ ಕಾರಣ ಸಿಕ್ಕಿತು ಅಂತ ಅರ್ಥ. ಆ ಹಳದಿ ವೈರಿನಲ್ಲಿ 576 ಸಾಲಿನ ಚಿತ್ರ ಮಾತ್ರ ಬರುತ್ತದೆ. ಎಚ್‌ಡಿ ರೆಡಿ ಪರದೆಯಲ್ಲಿ ಸಾಮಾನ್ಯವಾಗಿ 768 ಸಾಲು, ಫುಲ್ ಎಚ್‌ಡಿಯಲ್ಲಿ 1,080 ಸಾಲು ಇರುತ್ತವೆ. ಇರುವುದನ್ನು ಎಳೆದು ಹಿಗ್ಗಿಸಿ ತೋರಿಸಿದರೆ ಮಸುಕು ಕಾಣದೆ ಇರುತ್ತದಾ? ಎಚ್‌ಡಿ ಬಾಕ್ಸ್, ಎಚ್‌ಡಿಎಂಐ ವೈರು, ಎಚ್‌ಡಿ ಚಾನೆಲ್ ಮೂರೂ ಇದ್ದರೆ ಮಾತ್ರ ಆ ಟಿವಿಯ ನಿಜವಾದ ಚಿತ್ರ ಕಾಣುವುದು.

ಯಕ್ಷಗಾನ, ಧಾರಾವಾಹಿ ಅಂತ ಮೊಬೈಲ್‌ನಲ್ಲಿ ನೋಡುವುದನ್ನೆಲ್ಲ ಟಿವಿಯಲ್ಲಿ ನೋಡಬೇಕು ಅನಿಸಿದರೂ ಟಿವಿ ಬದಲಿಸಬೇಕಾಗಿಲ್ಲ. ಇಂಟರ್ನೆಟ್‌ನ ವಿಡಿಯೊಗಳನ್ನು ಟಿವಿಯಲ್ಲಿ ತೋರಿಸುವ, ಎಚ್‌ಡಿಎಂಐ ಕಿಂಡಿಗೆ ಚುಚ್ಚುವ ಸ್ಟಿಕ್ ಸಾಕು. ಅದಕ್ಕೆ ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ. ಹಳೆ ಟಿವಿಗಳ ಯುಎಸ್‌ಬಿ ಅರ್ಧ ಆಂಪಿಯರ್ ಮಾತ್ರ ಕೊಡುತ್ತದೆ, ಸ್ಟಿಕ್ ಮತ್ತೆ ಮತ್ತೆ ಆಫ್ ಆಗುತ್ತದೆ. ಅದರದೇ ಅಡಾಪ್ಟರ್ ಹಾಕಿ.

4ಕೆ, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆಗಳಿರುವ ಪರದೆ, ಇಲ್ಲವಲ್ಲ ಅಂತ ಬೇಜಾರು ಮಾಡಿಕೊಳ್ಳುವವರೂ ಇದ್ದಾರೆ. 32 ಇಂಚಿನ ಎಚ್‌ಡಿ ರೆಡಿ ಪರದೆಯ ಒಂದೊಂದು ಚುಕ್ಕೆ ಸುಮಾರು ಅರ್ಧ ಮಿಲಿಮೀಟರ್. ಆರು ಅಡಿ ದೂರ ಕೂತರೆ ಒಳ್ಳೆಯ ಕಣ್ಣಿಗೂ ಆ ಚುಕ್ಕೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ನಿಮ್ಮ ಖುರ್ಚಿಯಿಂದ ಟಿವಿಗೆ ಎಷ್ಟು ದೂರ, ಒಮ್ಮೆ ಅಳೆಯಿರಿ.

ಕತ್ತಲೆ ಮಾಡಿ ಟಾರ್ಚ್ ಹಿಡಿಯಿರಿ

ಹೋದ ವರ್ಷ ಅಂಕೋಲೆಯಿಂದ ಅಕ್ಕ ಫೋನ್ ಮಾಡಿದ್ದಳು. ‘ತಮಾ, ಟಿವಿಯಲ್ಲಿ ಮಾತು ಕೇಳ್ತದೆ, ಪರದೆ ಪೂರ್ತಿ ಕಪ್ಪು.’ ಸಂಜೆ ಹೋದೆ. ಕೋಣೆಯ ದೀಪ ಆರಿಸಿ, ಟಿವಿ ಹಾಕಿ, ಮೊಬೈಲ್ ಟಾರ್ಚನ್ನು ಗಾಜಿಗೆ ತಾಗುವಷ್ಟು ಹತ್ತಿರ ಓರೆಯಾಗಿ ಹಿಡಿದೆ. ಬೆಳಕಿನ ಆ ವೃತ್ತದೊಳಗೆ ವಾರ್ತೆ ಓದುವವರ ಮುಖ ಮಸಿಯಲ್ಲಿ ಬರೆದ ಹಾಗೆ ಕಂಡಿತು. ತುಟಿ ಅಲ್ಲಾಡುತ್ತಿತ್ತು. ಅಂದರೆ ಪ್ಯಾನೆಲ್ ಗಟ್ಟಿ ಇದೆ, ಮೇನ್ ಬೋರ್ಡ್ ಗಟ್ಟಿ ಇದೆ, ಹಿಂದಿನ ಬೆಳಕು ಮಾತ್ರ ಆರಿದೆ.

ಎಲ್‌ಇಡಿ ಟಿವಿಯಲ್ಲಿ ಸಣ್ಣ ಬಲ್ಬುಗಳನ್ನು ಪಟ್ಟಿಯ ಮೇಲೆ ಮಾಲೆಯ ಹಾಗೆ ಜೋಡಿಸಿರುತ್ತಾರೆ. ಒಂದು ಸುಟ್ಟರೆ ಆ ಸಾಲು ಅಥವಾ ಪೂರ್ತಿ ಬೆಳಕು ಆರುತ್ತದೆ. ಇಂಥದಕ್ಕೆ ಟಿವಿ ಬದಲಿಸುವುದು ಸುಮ್ನೆ ದಂಡ. ಒಂದೇ ಬಲ್ಬ್ ಹಾಕಿಸಿ ಉಳಿತಾಯ ಮಾಡಲಿಕ್ಕೂ ಹೋಗಬೇಡಿ. ಉಳಿದವುಗಳಿಗೂ ಅಷ್ಟೇ ವಯಸ್ಸಾಗಿರುತ್ತದೆ. ಪಟ್ಟಿಗಳ ಪೂರ್ತಿ ಸೆಟ್ ಬದಲಿಸಲು ಹೇಳಿ. ಪರದೆಯಲ್ಲಿ ದುಂಡಗಿನ ಬಿಳಿ ಬೊಟ್ಟುಗಳು ಕಂಡರೆ ಬಲ್ಬಿನ ಮೇಲಿನ ಲೆನ್ಸ್ ಉದುರಿದೆ ಅಂತ ತಿಳಿಯಿರಿ. ಅದೂ ರಿಪೇರಿ ಆಗುವಂಥದ್ದೇ.

ಕೆಂಪು ದೀಪ ಮಿಣುಕಿ ಟಿವಿ ಶುರುವಾಗದಿದ್ದರೆ ಹೆಚ್ಚಾಗಿ ಸಪ್ಲೈ ಬೋರ್ಡ್. ಇದಕ್ಕೂ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಮೇಲಿನಿಂದ ಕೆಳಗೆ ಎಳೆದ ಹಾಗೆ ಬರುವ ಉದ್ದ ಗೆರೆಗಳಿಗೆ. ಗಾಜಿನ ಅಂಚಿಗೆ ಅಂಟಿಸಿದ ತೆಳು ರಿಬ್ಬನ್ ಬಿಟ್ಟುಕೊಂಡರೆ ಅಂಥ ಗೆರೆ ಬರುತ್ತದೆ. ಪ್ಯಾನೆಲ್ ಬದಲಿಸುವ ಖರ್ಚು ಹೊಸ ಟಿವಿಯ ಬೆಲೆಯ ಹತ್ತಿರ ಹೋಗುತ್ತದೆ. ಆದರೂ ಅರ್ಧ ಪರದೆ ಮಾತ್ರ ಹೋಗಿದ್ದರೆ, ಬಣ್ಣ ಕಲಸಿದ ಹಾಗಿದ್ದರೆ ಪ್ಯಾನೆಲ್‌ಗೆ ಚಿತ್ರ ಕಳಿಸುವ ಟಿ-ಕಾನ್ ಅನ್ನುವ ಸಣ್ಣ ಬೋರ್ಡನ್ನು ಒಮ್ಮೆ ನೋಡಲು ಹೇಳಿ. ಕೆಲವೊಮ್ಮೆ ತಪ್ಪು ಅಲ್ಲೇ ಇರುತ್ತದೆ.

ಟಾರ್ಚ್ ಹಿಡಿಯುವವರೆಗೆ ಮಾತ್ರ ನಿಮ್ಮ ಕೆಲಸ. ಹಿಂಬದಿಯ ಮುಚ್ಚಳ ನೀವೇ ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಸಪ್ಲೈ ಬೋರ್ಡಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು. ಜೀವಕ್ಕೇ ಅಪಾಯ.

ನಮ್ಮ ಕರಾವಳಿಯ ಕಾಟ

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಊರಿಗೂ ಹೊಂದುತ್ತದೆ. ಆದರೆ ಕಾರವಾರದ ಕೋಡಿಬಾಗದಲ್ಲಿರುವ ಟಿವಿಗೂ ಹುಬ್ಬಳ್ಳಿಯಲ್ಲಿರುವ ಟಿವಿಗೂ ಆಯುಷ್ಯ ಒಂದೇ ಇರಲಿಕ್ಕೆ ಸಾಧ್ಯವಿಲ್ಲ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇಲಿಂದ ಉಪ್ಪುಗಾಳಿ. ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ನೀರು ಬಿಡುತ್ತದೆ ಅಲ್ವಾ? ಬೋರ್ಡಿನ ಮೇಲೆ ಕೂತ ಉಪ್ಪೂ ಹಾಗೇ ತೇವ ಎಳೆದುಕೊಳ್ಳುತ್ತದೆ. ತಾಮ್ರದ ಗೆರೆಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಎಚ್‌ಡಿಎಂಐ ಕಿಂಡಿಯಲ್ಲಿ ಮೊದಲು ಕಾಣುವುದು ಇದೇ. ಒಂದು ಕಿಂಡಿ ಕೆಲಸ ಮಾಡದಿದ್ದರೆ ಇನ್ನೊಂದಕ್ಕೆ ಹಾಕಿ ನೋಡಿ.

ಪಡುವಣ ಕಿಟಕಿಯ ಎದುರು ಟಿವಿ ಇಡಬೇಡಿ. ಮಳೆಗೆ ಒಸರುವ ಗೋಡೆಗಂತೂ ಬೇಡವೇ ಬೇಡ. ಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇರಲಿ. ಪ್ಲಾಸ್ಟಿಕ್ ಹೊದಿಕೆ ತೆಗೆದುಬಿಡಿ, ಅದು ಥಂಡಿಯನ್ನು ಒಳಗೇ ಹಿಡಿದಿಡುತ್ತದೆ. ಧೂಳಿಗೆ ಹತ್ತಿ ಬಟ್ಟೆ ಸಾಕು, ಅದೂ ಆಫ್ ಇದ್ದಾಗ. ಮಳೆಗಾಲದಲ್ಲಿ ಯಾರೂ ನೋಡದಿದ್ದರೂ ದಿನಕ್ಕೆ ಅರ್ಧ ಗಂಟೆ ಹಾಕಿಡಿ, ಅದರ ಬಿಸಿಗೆ ಒಳಗಿನ ತೇವ ಆರುತ್ತದೆ. ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇದ್ದು ಚೌತಿಗೆ ಬಂದು ಮನೆ ಬೀಗ ತೆಗೆಯುವವರು ಕೂಡಲೇ ಪ್ಲಗ್ ಹಾಕಬೇಡಿ. ಕಿಟಕಿ ತೆರೆದು ಒಂದು ದಿನ ಫ್ಯಾನ್ ಗಾಳಿ ತಾಗಲಿ.

ಘಟ್ಟದ ಮೇಲೆ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉಪ್ಪಿನ ಕಾಟ ಇಲ್ಲ, ಸಿಡಿಲಿನದು ಇದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮಳೆ, ಆಮೇಲೆ ಅಕ್ಟೋಬರ್. ದೂರದಲ್ಲಿ ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನ ಒಳಗಿನ ಅಂತರ ಕೆಲವೇ ಮಿಲಿಮೀಟರ್, ಸಿಡಿಲಿಗೆ ಅದು ಲೆಕ್ಕಕ್ಕೇ ಇಲ್ಲ. ಡಿಶ್ಶಿನ ವೈರನ್ನೂ ಕೀಳಿ. ಹೆಚ್ಚಿನವರು ಇದನ್ನು ಮರೆಯುತ್ತಾರೆ. ಮಾಡಿನ ಮೇಲಿನ ಡಿಶ್ಶಿನಿಂದ, ತೋಟದ ಅಡಿಕೆ ಮರಕ್ಕೆ ಕಟ್ಟಿ ತಂದ ಕೇಬಲ್ಲಿನಿಂದ ಸಿಡಿಲಿನ ಹೊಡೆತ ಬಾಕ್ಸಿಗೆ ಬಂದು, ಎಚ್‌ಡಿಎಂಐ ಹಾದು, ಮೇನ್ ಬೋರ್ಡನ್ನು ಸುಡುತ್ತದೆ. ಸ್ಪೈಕ್ ಗಾರ್ಡ್ ಸಣ್ಣ ಏರಿಳಿತಕ್ಕೆ ಸರಿ, ಹತ್ತಿರದ ಸಿಡಿಲಿಗೆ ನಂಬಬೇಡಿ. ಹಂಚಿನ ಮನೆಗಳಲ್ಲಿ ಹಲ್ಲಿ, ಇರುವೆ ಬೆಚ್ಚಗೆ ಇರಲು ಟಿವಿಯ ಒಳಗೆ ಸೇರುತ್ತವೆ. ಬೋರ್ಡಿನ ಮೇಲೆ ಹಲ್ಲಿ ಸತ್ತು ಶಾರ್ಟ್ ಆಗುವುದುಂಟು. ಗೋಡೆಯ ಟ್ಯೂಬ್‌ಲೈಟ್ ಕೆಳಗೇ ಟಿವಿ ಇಡದಿದ್ದರೆ ಅರ್ಧ ಕಾಟ ಕಮ್ಮಿ, ಹಲ್ಲಿ ಹುಳ ಹಿಡಿಯಲು ಬರುವುದು ಅಲ್ಲಿಗೇ.

ಚೀಟಿಯಲ್ಲಿ 100-240 ವೋಲ್ಟ್ ಅಂತ ಇದ್ದರೆ ವೋಲ್ಟೇಜ್ ಕಮ್ಮಿ ಬರುವುದಕ್ಕೆ ಸ್ಟೆಬಿಲೈಜರ್ ಬೇಕಾಗಿಲ್ಲ. ಕರೆಂಟ್ ಹೋದಾಗ ಟಿವಿಯ ಸ್ವಿಚ್ ಆರಿಸಿ, ಬಂದು ಐದು ನಿಮಿಷ ಬಿಟ್ಟು ಹಾಕಿ.

ಬೆಳಕು ಇಳಿಸಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ. ವಿವಿಡ್ ಅಥವಾ ಡೈನಾಮಿಕ್ ಇದ್ದರೆ ಸ್ಟ್ಯಾಂಡರ್ಡ್ ಮಾಡಿ. ಬ್ಯಾಕ್‌ಲೈಟ್ ಅನ್ನುವುದನ್ನು 100ರಿಂದ 60ಕ್ಕೆ ಇಳಿಸಿ. ಹೆಚ್ಚಿನ ಹಳೆ ಟಿವಿಗಳಲ್ಲಿ ಬ್ರೈಟ್‌ನೆಸ್ ಅನ್ನುವುದು ಬೇರೆ, ಅದರಿಂದ ಕಪ್ಪು ಬಣ್ಣ ಬದಲಾಗುತ್ತದೆ, ಬಲ್ಬಿಗೆ ಲಾಭ ಇಲ್ಲ. ರಾತ್ರಿ ಮಲಗುವಾಗ ಗೋಡೆಯ ಸ್ವಿಚ್ ಆರಿಸಿ. ರಿಮೋಟಿನಿಂದ ಮಾತ್ರ ಆರಿಸಿದರೆ ಸಪ್ಲೈ ಬೋರ್ಡಿನ ಒಂದು ಭಾಗ ಇಡೀ ದಿನ ದುಡಿಯುತ್ತಲೇ ಇರುತ್ತದೆ.

ಕೊನೆಗೆ ದುಡ್ಡಿನ ಲೆಕ್ಕ

ಹಳೆ ಟಿವಿ ಕರೆಂಟ್ ತಿನ್ನುತ್ತದೆ ಅನ್ನುವ ಮಾತು ಸುಳ್ಳಲ್ಲ. 110 ವ್ಯಾಟಿನ ಹಳತರ ಬದಲು 45 ವ್ಯಾಟಿನ ಹೊಸದು ಬಂದರೆ, ದಿನಕ್ಕೆ ಐದು ಗಂಟೆಗೆ, ವರ್ಷಕ್ಕೆ ಸುಮಾರು 119 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 700 ರೂಪಾಯಿ ಚಿಲ್ಲರೆ. ಗೃಹಜ್ಯೋತಿಯ ಮಿತಿಯೊಳಗೆ ಇರುವ ಮನೆಗೆ ಅದೂ ಕಾಣುವುದಿಲ್ಲ. ಕರೆಂಟ್ ಉಳಿಸಲಿಕ್ಕೆ ಅಂತಲೇ ಹೊಸ ಟಿವಿ ತರುವುದು ನನಗೆ ಸರಿ ಕಾಣುವುದಿಲ್ಲ.

ಸಪ್ಲೈ ಬೋರ್ಡ್, ಬ್ಯಾಕ್‌ಲೈಟ್ ಹೋದರೆ ರಿಪೇರಿ ಮಾಡಿಸಿ. ಪರದೆ ಒಡೆದ ಬೇರೆ ಟಿವಿಗಳ ಬೋರ್ಡುಗಳು ರಿಪೇರಿಯವರ ಹತ್ತಿರ ಸಿಗುತ್ತವೆ, ಚೀಟಿಯ ಮಾಡೆಲ್ ನಂಬರ್ ಕೊಟ್ಟರೆ ಅವರು ಹುಡುಕುತ್ತಾರೆ. ಹೇಳಿದ ಖರ್ಚು ಅದೇ ಅಳತೆಯ ಹೊಸ ಟಿವಿಯ ಮೂರನೇ ಒಂದು ಭಾಗ ದಾಟಿದರೆ ನಾನಾದರೆ ನಿಲ್ಲಿಸುತ್ತೇನೆ. ಗೆರೆಗಳು ತಿಂಗಳು ತಿಂಗಳು ಹೆಚ್ಚುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಗಾಜು ಬಿರಿದಿದ್ದರೆ ಅಲ್ಲಿಗೆ ಮುಗಿಯಿತು. ಸುಟ್ಟ ವಾಸನೆ ಬಂದ ಟಿವಿಯನ್ನು ಮತ್ತೊಮ್ಮೆ ಹಾಕಿ ನೋಡಲಿಕ್ಕೂ ಹೋಗಬೇಡಿ.

ಮುಗಿದ ಟಿವಿಯನ್ನು ಹಿತ್ತಲಿಗೆ ಎಸೆಯಬೇಡಿ, ವೈರು ಸುಟ್ಟು ತಾಮ್ರ ತೆಗೆಯುವವರಿಗೆ ಕೊಡಬೇಡಿ. ಟ್ಯೂಬ್ ಬ್ಯಾಕ್‌ಲೈಟ್ ಒಳಗೆ ಪಾದರಸ ಇದೆ. ಒಡೆದರೆ ಅದು ಬಾವಿಯ, ಹೊಳೆಯ ನೀರಿಗೇ ಹೋಗುವುದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಟಿವಿಯ ವಿಲೇವಾರಿಯ ಜವಾಬ್ದಾರಿ ತಯಾರಿಸಿದ ಕಂಪನಿಯದು. ಹೊಸದು ತರುವ ಅಂಗಡಿಯಲ್ಲಿ ಹಳತನ್ನು ತಗೊಳ್ಳುತ್ತಾರಾ ಅಂತ ಮೊದಲೇ ಕೇಳಿ. ಒಯ್ಯುವಾಗ ಹಳೆ ಕಂಬಳಿ ಸುತ್ತಿ, ಮಲಗಿಸದೆ ನೆಟ್ಟಗೆ ನಿಲ್ಲಿಸಿ ಒಯ್ಯಿರಿ.