ಮಾವನ ಟ್ರಂಕಿನ ರೋಬೋಗಳು: ಬಳ್ಳಾರಿ ದೂಳಿನಲ್ಲಿ ಲೋಹದ ಗೊಂಬೆಗಳನ್ನು ಕಾಪಾಡಿಕೊಂಡ ನನ್ನ ಅನುಭವ

ನಮ್ಮ ಸೋದರಮಾವ ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದರು. ಹಡಗು ಕೋಬೆ, ಯೊಕೊಹಾಮಾ ಬಂದರಿಗೆ ಹೋದಾಗಲೆಲ್ಲ ಒಂದೊಂದು ರೋಬೋ ಗೊಂಬೆ ತರುತ್ತಿದ್ದರು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಅವರು ತೀರಿಕೊಂಡ ಮೇಲೆ 2009ರಲ್ಲಿ ಅವರ ತಗಡಿನ ಟ್ರಂಕು ನಮ್ಮ ಮನೆಗೆ ಬಂತು. ತೆಗೆದು ನೋಡಿದರೆ ಹಳೇ ಬನಿಯನ್‌ಗಳಲ್ಲಿ ಸುತ್ತಿದ್ದ ಐದು ರೋಬೋ. ನಾಲ್ಕು ಭಾರದ ಲೋಹದವು, ಒಂದು ತಗಡಿನದು.

ನಾನು ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವವನು. ಸಣ್ಣ ಸ್ಕ್ರೂ, ಸ್ಪ್ರಿಂಗು, ಚಿಮಟ ಇವೆಲ್ಲ ನನ್ನ ದಿನದ ಕೆಲಸ. ಹಾಗಾಗಿ ಇವನ್ನು ನಾನೇ ನೋಡಿಕೊಳ್ಳಬಲ್ಲೆ ಅನ್ನುವ ಧೈರ್ಯ ಇತ್ತು. ಕೆಲವು ವಿಷಯ ಸರಿಯಾಗಿ ಮಾಡಿದೆ, ಕೆಲವನ್ನು ಕೆಡಿಸಿ ಕಲಿತೆ. ಎರಡನ್ನೂ ಬರೆಯುತ್ತೇನೆ.

ಮೊದಲು ಇವು ಏನು ಅಂತ ಹೇಳಿಬಿಡುತ್ತೇನೆ. ಲೋಹದ ಈ ನಾಲ್ಕನ್ನು ಜಪಾನಿನಲ್ಲಿ ಚೋಗೋಕಿನ್ ಅನ್ನುತ್ತಾರೆ. ‘ಸೂಪರ್ ಮಿಶ್ರಲೋಹ’ ಅಂತ ಅರ್ಥ. ಮಾಜಿಂಗರ್ ಝಡ್ ಅನ್ನುವ ಕಾರ್ಟೂನಿನಲ್ಲಿ ಆ ರೋಬೋ ಮೈಯ ಲೋಹದ ಹೆಸರೇ ಅದು. ಬಂಡಾಯ್ ಕಂಪನಿಯ ಅಂಗಸಂಸ್ಥೆ ಪಾಪಿ 1974ರಲ್ಲಿ ಅದೇ ಹೆಸರಿನಲ್ಲಿ ಮಾಜಿಂಗರ್ ಝಡ್ ಗೊಂಬೆ ತಂದಿತು. ತೋಳಿನೊಳಗೆ ಸ್ಪ್ರಿಂಗ್ ಇರುತ್ತದೆ, ಒತ್ತಿದರೆ ಕೈ ಹಾರುತ್ತದೆ. 1997ರಲ್ಲಿ ಬಂಡಾಯ್ ‘ಸೋಲ್ ಆಫ್ ಚೋಗೋಕಿನ್’ ಅಂತ ದೊಡ್ಡವರಿಗಾಗಿಯೇ ಹೊಸ ಸಾಲು ಶುರು ಮಾಡಿತು, ಅದರ ಮೊದಲ ಗೊಂಬೆಯೂ ಮಾಜಿಂಗರ್ ಝಡ್. ನನ್ನ ಹತ್ತಿರ ಇರುವುದು ಹಳೆಯದು. ಕಥೆಯಲ್ಲಿ ಸೂಪರ್ ಲೋಹ, ಕೈಯಲ್ಲಿ ಸತುವಿನ ಎರಕ. ಸತುವಿಗೆ ಸುಮಾರು ನೂರಕ್ಕೆ 4ರಷ್ಟು ಅಲ್ಯುಮಿನಿಯಂ ಸೇರಿಸಿ ಅಚ್ಚಿಗೆ ಒತ್ತಡದಲ್ಲಿ ತುಂಬುತ್ತಾರೆ. ತಲೆ, ಎದೆಯ ತುಣುಕು, ಕೈಬೆರಳು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನವು. ಅಂದರೆ ಒಂದೇ ಗೊಂಬೆಯಲ್ಲಿ ಸತು, ಪ್ಲಾಸ್ಟಿಕ್, ಕಬ್ಬಿಣದ ಸ್ಕ್ರೂ, ಹೊಳಪಿನ ಕ್ರೋಮ್ ಲೇಪ, ಸ್ಟಿಕ್ಕರ್ ಎಲ್ಲ ಇರುತ್ತವೆ. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದನ್ನು ತಿನ್ನುತ್ತದೆ. ತೊಂದರೆ ಎಲ್ಲ ಇಲ್ಲಿಂದಲೇ ಶುರು.

ನನ್ನ ಮೊದಲ ತಪ್ಪು ಮೊದಲ ದಿನವೇ ಆಯಿತು. ಆಗ ಸಂಡೂರಿನ ಅದಿರು ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ. ಬೆಳಿಗ್ಗೆ ಒರೆಸಿದ ಟೇಬಲ್ಲಿನ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಮಾಜಿಂಗರ್‌ನನ್ನು ಒಂದು ವಾರ ಹೊರಗೆ ಇಟ್ಟಿದ್ದೆ. ಎದೆಯ ಕೆಂಪು ಫಲಕದ ಮೇಲೆ ಕೆಂದೂಳು ಕೂತಿತ್ತು, ಕೆಂಪಿನ ಮೇಲೆ ಕೆಂಪು, ಕಾಣಿಸುತ್ತಲೂ ಇರಲಿಲ್ಲ. ಬನಿಯನ್ ಬಟ್ಟೆ ತೆಗೆದುಕೊಂಡು ಚೆನ್ನಾಗಿ ಉಜ್ಜಿದೆ. ಬೆಳಕಿಗೆ ಹಿಡಿದರೆ ಎದೆ ತುಂಬ ಗುಂಡಗುಂಡಗೆ ಸಣ್ಣ ಗೀರು. ಮೂವತ್ತು ವರ್ಷ ಹಡಗು, ಟ್ರಂಕು ಎಲ್ಲ ಸುತ್ತಿ ಬಂದ ಬಣ್ಣಕ್ಕೆ ಆಗದ ಗಾಯ ನನ್ನ ಒಂದು ನಿಮಿಷದ ಉಜ್ಜಾಟದಲ್ಲಿ ಆಗಿತ್ತು.

ಕಾರಣ ಆಮೇಲೆ ತಿಳಿಯಿತು. ನಮ್ಮ ಕಡೆಯ ಅದಿರು ಹೆಮಟೈಟ್ ಅನ್ನುವ ಕಬ್ಬಿಣದ ಅದಿರು. ಗಡಸುತನದ ಮೋಸ್ ಅಳತೆಯಲ್ಲಿ ಅದು ಸುಮಾರು 5ರಿಂದ 6.5. ಸತು ಬರೀ 2.5, ಅದರ ಮೇಲಿನ ಬಣ್ಣ ಇನ್ನೂ ಮೆತ್ತಗೆ. ಒಣ ಬಟ್ಟೆಯಲ್ಲಿ ಆ ದೂಳು ಒರೆಸುವುದೂ ಉಪ್ಪುಕಾಗದದಲ್ಲಿ ತಿಕ್ಕುವುದೂ ಒಂದೇ. ಬೇರೆ ಊರಿನವರು ‘ಮೃದು ಬಟ್ಟೆಯಲ್ಲಿ ಒರೆಸಿ’ ಅಂತ ಸುಲಭವಾಗಿ ಹೇಳುತ್ತಾರೆ. ಬಳ್ಳಾರಿಯಲ್ಲಿ ಅದು ನಡೆಯುವುದಿಲ್ಲ.

ಈಗ ನಾನು ಮಾಡುವುದು ಹೀಗೆ. ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಬುಡ್ಡೆಯಲ್ಲಿ ಮೊದಲು ಊದುತ್ತೇನೆ. ಯೂನಿಟ್ಟಿನ ಕಂಪ್ರೆಸರ್ ಗಾಳಿ ಬೇಡವೇ ಬೇಡ, ಅದರಲ್ಲಿ ನೀರಿನ ಹನಿ ಬರುತ್ತದೆ, ಜೋರಿಗೆ ಸ್ಟಿಕ್ಕರ್ ಏಳುತ್ತದೆ. ಆಮೇಲೆ ಮೆತ್ತನೆ ಮೇಕಪ್ ಬ್ರಷ್, ಮೇಲಿಂದ ಕೆಳಕ್ಕೆ, ಒತ್ತದೆ. ಕೊನೆಗೆ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿ. ಕಡ್ಡಿಯನ್ನು ಎಳೆಯಬಾರದು, ಮೇಲ್ಮೈ ಮೇಲೆ ಉರುಳಿಸಬೇಕು. ಒಂದು ಉರುಳು ಮುಗಿದರೆ ಆ ಕಡ್ಡಿ ಬಿಸಾಕಬೇಕು. ಒಂದು ರೋಬೋಗೆ ನಲವತ್ತು, ಐವತ್ತು ಕಡ್ಡಿ ಬೇಕಾಗುತ್ತದೆ. ನಮ್ಮ ಬೋರ್ ನೀರು ಹಾಕಿದರೆ ಒಣಗಿದ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಸಾಕು.

ಕ್ರೋಮ್ ಭಾಗಕ್ಕೆ ಇಷ್ಟೂ ಬೇಡ. ಪ್ಲಾಸ್ಟಿಕ್ ಮೇಲಿನ ಆ ಹೊಳಪು ಬಹಳ ತೆಳುವಾದ ಅಲ್ಯುಮಿನಿಯಂ ಪದರ. ಬ್ಲೀಚ್ ತಗುಲಿದರೆ ಹೋಗಿಯೇ ಬಿಡುತ್ತದೆ. ಊದಿ, ಬ್ರಷ್ ಆಡಿಸಿ ಬಿಟ್ಟುಬಿಡಿ.

ಎರಡನೇ ತಪ್ಪು ನನ್ನ ಕಸುಬಿನಿಂದಲೇ ಬಂದದ್ದು. ಕೀಲು ಬಿಗಿಯಾಗಿದೆ ಅಂತ ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಬಿಟ್ಟೆ. ಮಷಿನ್ನಿಗೆ ಅದು ಅಮೃತ, ದಿನಾ ಓಡಿ ಹಳೇ ಎಣ್ಣೆ ಹೊರಗೆ ತಳ್ಳುತ್ತದೆ. ರೋಬೋ ಸುಮ್ನೆ ನಿಂತಿರುತ್ತದೆ, ಅಲ್ವಾ? ಎಣ್ಣೆ ದೂಳು ಹಿಡಿದು ತಿಂಗಳೊಳಗೆ ಸಾಣೆ ಹಿಡಿಯುವ ಪೇಸ್ಟಿನಂತಾಯಿತು. ಕಾಲು ತಿರುಗಿಸಿದಾಗ ಕರಕರ ಶಬ್ದ. ಈಗ ಸಿಲಿಕಾನ್ ಗ್ರೀಸನ್ನು ಹಲ್ಲುಕಡ್ಡಿಯ ತುದಿಯಲ್ಲಿ, ಸಾಸಿವೆ ಕಾಳಿನ ಅರ್ಧದಷ್ಟು, ಅದೂ ಕೀಲು ಬಿಚ್ಚಿ ಒಳಗೆ ಮಾತ್ರ ಹಚ್ಚುತ್ತೇನೆ.

ಬಿಚ್ಚುವಾಗ ಒಂದು ಮಾತು. ಜಪಾನಿನ ಹಳೇ ಗೊಂಬೆಗಳ ಪ್ಲಸ್ ಸ್ಕ್ರೂ ನಮ್ಮ ಮಾಮೂಲಿ ಫಿಲಿಪ್ಸ್ ಡ್ರೈವರಿಗೆ ಸರಿ ಕೂರುವುದಿಲ್ಲ. ನೋಡಲು ಒಂದೇ ಥರ ಕಾಣುತ್ತದೆ, ಆದರೆ ಒತ್ತಿ ತಿರುಗಿಸಿದರೆ ಜಾರಿ ತಲೆ ಸವೆಯುತ್ತದೆ. ಜೆಐಎಸ್ ಅಂತ ಅವರದೇ ಅಳತೆಯ ಡ್ರೈವರ್ ಬರುತ್ತದೆ, ಅದನ್ನು ತರಿಸಿಕೊಳ್ಳಿ. ಒಂದು ಸ್ಕ್ರೂ ತಲೆ ಹೋದರೆ ಅದೇ ಕಾಲದ ಇನ್ನೊಂದು ಸಿಗುವುದು ಕಷ್ಟ.

ಇನ್ನು ಬಣ್ಣದ ಟಚ್‌ಅಪ್. ಇದರ ಬಗ್ಗೆ ಜಾಸ್ತಿ ಹೇಳಬೇಕು, ಏಕೆಂದರೆ ಹೆಚ್ಚು ಗೊಂಬೆಗಳು ಹಾಳಾಗುವುದು ಇಲ್ಲಿಯೇ.

ಮಾಜಿಂಗರ್‌ನ ಬಲಗಾಲಿನ ಕಪ್ಪು ಬೂಟಿನ ತುದಿಯಲ್ಲಿ ಜೋಳದ ಕಾಳಿನಷ್ಟು ಬಣ್ಣ ಉದುರಿ ಬೂದಿ ಬಣ್ಣದ ಸತು ಕಾಣುತ್ತಿತ್ತು. ಪೂರ್ತಿ ಬೂಟಿಗೆ ಹೊಸ ಬಣ್ಣ ಹೊಡೆಸೋಣ ಅಂತ ಕೌಲ್ ಬಜಾರಿನ ಟಿಂಕರಿಂಗ್ ಗ್ಯಾರೇಜಿನ ಪೇಂಟರ್ ಚಾಚಾ ಹತ್ತಿರ ಒಯ್ದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಇಷ್ಟು ಚಂದ ಬಣ್ಣ ಇರೋವಾಗ ಯಾಕ್ ತೆಗೀತೀಯ ಬೇಟಾ? ಹೋದಲ್ಲಿ ಮಾತ್ರ ತುಂಬು. ಇರೋ ಬಣ್ಣದ ಮ್ಯಾಲೆ ಒಂದು ಕೂದಲಷ್ಟೂ ಹತ್ತಿಸಬ್ಯಾಡ” ಅಂದರು. ಕಾರಿಗೆ ದಿನಾ ಪೂರ್ತಿ ಬಣ್ಣ ಹೊಡೆಯುವ ಮನುಷ್ಯ ಹೀಗೆ ಹೇಳಿದ್ದು ನನ್ನ ಮನಸ್ಸಿಗೆ ನಾಟಿತು. ಸಂಗ್ರಹಕಾರರೂ ಅದನ್ನೇ ಹೇಳುತ್ತಾರೆ: ಚೂರು ಉದುರಿದ ಹಳೇ ಬಣ್ಣಕ್ಕೆ ಇರುವ ಬೆಲೆ ಮಿರಮಿರ ಮಿಂಚುವ ಹೊಸ ಬಣ್ಣಕ್ಕಿಲ್ಲ.

ಕೆಲಸ ಹೀಗೆ ನಡೆಯಿತು. ಉದುರಿದ ಜಾಗದಲ್ಲಿ ಸತುವಿನ ಮೇಲೆ ಬೆಳ್ಳಗೆ ಸುಣ್ಣದಂಥ ಪುಡಿ ಇತ್ತು. ಕಬ್ಬಿಣಕ್ಕೆ ಕೆಂಪು ತುಕ್ಕು ಹಿಡಿದ ಹಾಗೆ ಸತುವಿಗೆ ಬಿಳಿ ತುಕ್ಕು. ಹಲ್ಲುಕಡ್ಡಿಯ ತುದಿಯಿಂದ ಅದನ್ನು ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಹತ್ತಿಯನ್ನು ಬರೀ ಲೋಹಕ್ಕೆ ಮುಟ್ಟಿಸಿದೆ. ಬಣ್ಣಕ್ಕೆ ತಾಗಿಸಲಿಲ್ಲ. ಸತುವಿನ ಮೇಲೆ ಬಣ್ಣ ನೇರ ಹಿಡಿಯುವುದಿಲ್ಲ, ಕೆಲವೇ ತಿಂಗಳಲ್ಲಿ ಚಕ್ಕೆಯಾಗಿ ಏಳುತ್ತದೆ. ಅದಕ್ಕೆ ಮೆಟಲ್ ಪ್ರೈಮರ್ ಒಂದು ಚುಕ್ಕೆ ಇಟ್ಟು ಒಂದು ದಿನ ಬಿಟ್ಟೆ.

ಬಣ್ಣಕ್ಕೆ ತಾಮಿಯಾ ಅನ್ನುವ ಜಪಾನಿ ಕಂಪನಿಯ ಎನಾಮಲ್ ತರಿಸಿದೆ. ಎನಾಮಲ್ ಯಾಕೆ ಅಂದರೆ, ತಪ್ಪಾದರೆ ಅದರದೇ ಥಿನ್ನರ್ ಸೋಕಿಸಿದ ಕಡ್ಡಿಯಲ್ಲಿ ಒರೆಸಿ ತೆಗೆಯಬಹುದು, ಕೆಳಗಿನ ಗಟ್ಟಿ ಹಳೇ ಬಣ್ಣಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೂ ಮೊದಲು ಕಾಣದ ಜಾಗದಲ್ಲಿ, ಪಾದದ ಅಡಿಯಲ್ಲಿ, ಪರೀಕ್ಷೆ ಮಾಡಿಯೇ ಮುಂದೆ ಹೋಗಬೇಕು. ಗ್ಯಾರೇಜಿನ ಎನ್‌ಸಿ ಥಿನ್ನರ್ ಮಾತ್ರ ಹತ್ತಿರ ತರಬೇಡಿ, ಹಳೇ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಉಗುರುಬಣ್ಣ ತೆಗೆಯುವ ರಿಮೂವರ್ ಕೂಡ ಅಷ್ಟೇ. ಅದರಲ್ಲಿರುವ ಅಸಿಟೋನ್ ನನ್ನ ಇನ್ನೊಂದು ರೋಬೋದ ಹಣೆಯ ಅಂಚನ್ನು ಮೇಣದಂತೆ ಮಾಡಿತು. ಸ್ಟಿಕ್ಕರಿನ ಅಂಟು ತೆಗೆಯೋಣ ಅಂತ ಹೋಗಿ ಮಾಡಿಕೊಂಡದ್ದು. ಅದು ಇವತ್ತಿಗೂ ಹಾಗೇ ಇದೆ.

ಕಪ್ಪು ಅಂದರೆ ಡಬ್ಬಿಯ ಕಪ್ಪಲ್ಲ. ಬೆಳಿಗ್ಗೆ ಏಳು ಗಂಟೆಗೆ ಮಾಳಿಗೆ ಮೇಲೆ ಬಿಳಿ ಕಾಗದ ಹಾಸಿ ರೋಬೋವನ್ನು ಮಲಗಿಸಿ ನೋಡಿದೆ. ಹಳೇ ಕಪ್ಪಿನಲ್ಲಿ ಒಂದು ಚೂರು ನೀಲಿ ಇತ್ತು, ಹೊಳಪು ಇಳಿದಿತ್ತು. ಟ್ಯೂಬ್‌ಲೈಟಿನಲ್ಲಿ ಇದು ಕಾಣುವುದೇ ಇಲ್ಲ. ಹಳೇ ಬಿಲ್ ಹಾಳೆಯ ಹಿಂದೆ ಒಂಬತ್ತು ಚುಕ್ಕೆ ಹಾಕಿ, ಒಣಗಿಸಿ, ಬೂಟಿನ ಪಕ್ಕ ಹಿಡಿದು ನೋಡಿದೆ. ಏಳನೆಯದು ಕೂಡಿತು. ಹಸಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಒಣಗಿದಾಗ ಛಾಯೆ ಬದಲಾಗುತ್ತದೆ.

ಹಚ್ಚಿದ್ದು ಬ್ರಷ್ಷಿನಲ್ಲಲ್ಲ, ಹಲ್ಲುಕಡ್ಡಿಯಲ್ಲಿ. ಗುಳಿಯ ನಡುವೆ ಒಂದು ಹನಿ ಇಟ್ಟರೆ ಅದು ತಾನೇ ಅಂಚಿನವರೆಗೆ ಹರಿದು ನಿಲ್ಲುತ್ತದೆ. ಅಂಚು ದಾಟಿಸುವ ಬದಲು ಕೂದಲೆಳೆಯಷ್ಟು ಖಾಲಿ ಬಿಡುವುದು ಒಳ್ಳೆಯದು. ದಿನಕ್ಕೊಂದು ಪದರ, ಮೂರು ದಿನ. ಎರಡಡಿ ದೂರದಿಂದ ಗಾಯ ಕಾಣುವುದಿಲ್ಲ. ಭೂತಗನ್ನಡಿ ಹಿಡಿದರೆ ಕಾಣುತ್ತದೆ, ಕಾಣಲಿ. ಈ ಕೆಲಸ ನಾನು ನವೆಂಬರಿನಿಂದ ಫೆಬ್ರವರಿಯೊಳಗೆ ಮಾತ್ರ ಮಾಡುತ್ತೇನೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಥಿನ್ನರ್ ಕಡ್ಡಿಯ ಮೇಲೆಯೇ ಆರಿಹೋಗಿ ಬಣ್ಣ ನೂಲಿನಂತೆ ಎಳೆಯುತ್ತದೆ.

ತಗಡಿನ ರೋಬೋ ಕಥೆ ಬೇರೆ. ಅದು ಸೆಲ್ ಹಾಕಿದರೆ ನಡೆಯುವಂಥದ್ದು. ಅದರ ಮೈಮೇಲಿನ ಚಿತ್ರ ತಗಡಿಗೇ ಅಚ್ಚು ಹಾಕಿದ್ದು, ಅದಕ್ಕೆ ಟಚ್‌ಅಪ್ ನಾನು ಮಾಡುವುದೇ ಇಲ್ಲ. ಒಮ್ಮೆ ನಡೆಸಿ ನೋಡಿ ಆಲ್ಕಲೈನ್ ಸೆಲ್ ಒಳಗೇ ಮರೆತೆ. ವರ್ಷದ ಮೇಲೆ ತೆಗೆದರೆ ಬಿಳಿ ಹರಳು ಕಟ್ಟಿತ್ತು. ಆಲ್ಕಲೈನ್ ಸೋರಿಕೆ ಕ್ಷಾರ, ಅದಕ್ಕೆ ನಿಂಬೆರಸ ಅದ್ದಿದ ಕಡ್ಡಿ ಮುಟ್ಟಿಸಿದರೆ ಸುಂಯ್ ಅಂತ ನೊರೆ ಬಂದು ಬಿಡುತ್ತದೆ. ಹಳೇ ಮಾಮೂಲಿ ಸೆಲ್ ಸೋರಿದರೆ ಅದು ಆಮ್ಲ, ಅಲ್ಲಿ ನಿಂಬೆ ಬೇಡ, ಅಡುಗೆ ಸೋಡದ ನೀರು ಬೇಕು. ಎರಡರಲ್ಲೂ ಕೊನೆಗೆ ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸಿ ಪೂರ್ತಿ ಒಣಗಿಸಬೇಕು. ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಇಡುವ ಜಾಗದ ಬಗ್ಗೆ ಎರಡು ಮಾತು. ಟ್ರಂಕಿನಲ್ಲಿ ಬಟ್ಟೆಗೆ ಹಾಕುವ ಡಾಂಬರ್ ಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು, ಬಣ್ಣವನ್ನು ಮೆತ್ತಗೆ ಮಾಡುತ್ತದೆ. ರಬ್ಬರಿನಂಥ ಮೆತ್ತನೆ ಚಕ್ರ, ಕ್ಷಿಪಣಿಗಳನ್ನು ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿಸಿ ಇಡಬೇಡಿ, ನಮ್ಮ ಸೆಕೆಗೆ ಅಂಟಿಕೊಂಡು ಕಚ್ಚುತ್ತವೆ. ನಾನು ಪ್ರತಿಯೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿಡುತ್ತೇನೆ. ಶೋಕೇಸಿನ ಗಾಜಿನ ಸಂದಿಗೆ ಬಾಗಿಲಿಗೆ ಹಚ್ಚುವ ಫೋಮ್ ಟೇಪ್ ಅಂಟಿಸಿದ ಮೇಲೆ ದೂಳು ಬಹಳ ಕಡಿಮೆಯಾಯಿತು.

ಒಂದು ಆಯುಧಪೂಜೆಯ ದಿನ ನಾನು ಯೂನಿಟ್ಟಿನ ಮಷಿನ್ ಪೂಜೆ ಮುಗಿಸಿ ಬರುವಷ್ಟರಲ್ಲಿ ಅವ್ವ ಐದೂ ರೋಬೋಗಳಿಗೆ ಅರಿಶಿನ ಕುಂಕುಮ ಹಚ್ಚಿ, ಕಾಲಿಗೆ ಚೆಂಡುಹೂ ಇಟ್ಟಿದ್ದಳು. “ಕಬ್ಬಿಣದ್ದು ಎಲ್ಲಕ್ಕೂ ಪೂಜೆ ಮಾಡಿ ಇವನ್ನ ಹೆಂಗ್ ಬಿಡ್ಲಪ್ಪ? ನಿಮ್ಮ ಮಾವ ತಂದಿದ್ದಲ್ಲ” ಅಂದಳು. ಏನು ಹೇಳಲಿ! ಕಣ್ಣು ತುಂಬಿ ಬಂತು. ಕುಂಕುಮ ಬ್ರಷ್ಷಿಗೆ ಬಂತು, ಆದರೆ ಒಂದು ರೋಬೋದ ಬಿಳಿ ತೊಡೆಯ ಮೇಲೆ ಅರಿಶಿನ ಕೂತುಬಿಟ್ಟಿತ್ತು. ಉಜ್ಜಲಿಲ್ಲ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಒಗೆದ ಅಂಗಿಯ ಕಲೆ ಒಣಹಾಕಿದಾಗ ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಉಳಿದ ಭಾಗಕ್ಕೆಲ್ಲ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ತೊಡೆ ಮಾತ್ರ ಬಿಟ್ಟು, ಬೆಳಗಿನ ಎಳೆಬಿಸಿಲಿಗೆ ದಿನಾ ಅರ್ಧ ಗಂಟೆ ಹಿಡಿದೆ. ಒಂದು ವಾರಕ್ಕೆ ಹೋಯಿತು. ಈಗ ಅವ್ವ ಶೋಕೇಸಿನ ಗಾಜಿಗೆ ಕುಂಕುಮ ಹಚ್ಚುತ್ತಾಳೆ.

ವಾಸಿ ಮಾಡಲಾಗದ್ದು ಒಂದಿದೆ. ಲೋಹದ ಇನ್ನೊಂದು ರೋಬೋ ಗ್ರೆಂಡೈಜರ್‌ನ ಎಡಗಾಲಿನ ಹಿಂದೆ ಬಣ್ಣದ ಕೆಳಗಿನಿಂದಲೇ ಬಿರುಕು ಎದ್ದಿದೆ. ಎರಕ ಹೊಯ್ಯುವಾಗ ಸತುವಿನಲ್ಲಿ ಸೀಸ ಸ್ವಲ್ಪ ಬೆರೆತಿದ್ದರೂ ಸಾಕು, ವರ್ಷಗಳ ಮೇಲೆ ಲೋಹ ಒಳಗಿನಿಂದ ಕಾಳುಕಾಳಾಗಿ ಬಿಟ್ಟುಕೊಂಡು ಉಬ್ಬುತ್ತದೆ. ಸತುವಿನ ಪಿಡುಗು ಅನ್ನುತ್ತಾರೆ. ಪಕ್ಕದ ಗೊಂಬೆಗೆ ಅಂಟುವುದಿಲ್ಲ, ಔಷಧವೂ ಇಲ್ಲ. ಸೆಕೆ ಮತ್ತು ತೇವ ಎರಡೂ ಅದನ್ನು ಬೇಗ ಬೆಳೆಸುತ್ತವೆ. ಅಂಟು ತುಂಬಿಸಲಿಲ್ಲ, ಬಣ್ಣ ಮೆತ್ತಲಿಲ್ಲ. ಮನೆಯ ತಂಪು ಕೋಣೆಯಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮಲಗಿಸಿದ್ದೇನೆ. ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ತೆಗೆದು, ಮಷಿನ್ನಿನಲ್ಲಿ ಸಂದಿ ಅಳೆಯಲು ಬಳಸುವ ಫೀಲರ್ ಗೇಜಿನ ತೆಳು ಎಲೆಗಳನ್ನು ಬಿರುಕಿನ ಬಾಯಿಗೆ ಮೆಲ್ಲಗೆ ಹಿಡಿದು ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೂರು ವರ್ಷದಿಂದ 0.15 ಮಿಲಿಮೀಟರಿನ ಎಲೆ ಹಿಡಿಯುತ್ತದೆ, 0.20ರದ್ದು ಹಿಡಿಯುವುದಿಲ್ಲ.