ದಿಕ್ಸೂಚಿಯಿಂದ ದ್ವಿಧ್ರುವ ಭ್ರಾಮಕ ಅಳೆಯುವುದು ಹೇಗೆ?

ವಿದ್ಯುತ್ ಹರಿಯುವ ಸುರುಳಿಯ ಕಾಂತೀಯ ದ್ವಿಧ್ರುವ ಭ್ರಾಮಕ (ಅದು ಕಾಂತವಾಗಿ ಎಷ್ಟು ಪ್ರಬಲ ಎಂಬುದರ ಅಳತೆ) ಎಷ್ಟೆಂದು ಪಿಯುಸಿ ವಿದ್ಯಾರ್ಥಿಗಳನ್ನು ಕೇಳಿದರೆ ಸುತ್ತುಗಳ ಸಂಖ್ಯೆ, ವಿದ್ಯುತ್ ಪ್ರವಾಹ, ವಿಸ್ತೀರ್ಣ ಇವುಗಳ ಗುಣಲಬ್ಧ ಎಂದು ಥಟ್ಟನೆ ಹೇಳುತ್ತಾರೆ. ಅಳೆದು ನೋಡಿದವರು ವಿರಳ. ಮನೆಯ ಪಡಸಾಲೆಯಲ್ಲೇ ಅಳೆಯಬಹುದು.

ಹುಬ್ಬಳ್ಳಿ-ಧಾರವಾಡದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಅಲ್ಲಿಂದ 28 ಗೇಜಿನ ಎನಾಮಲ್ ತಾಮ್ರದ ತಂತಿ 30 ಮೀಟರ್‌ನಷ್ಟು ತನ್ನಿ. 8 ಸೆಂ.ಮೀ. ಅಡ್ಡಳತೆಯ ಪ್ಲಾಸ್ಟಿಕ್ ಡಬ್ಬಿಗೆ 100 ಸುತ್ತು ಒತ್ತೊತ್ತಾಗಿ ಸುತ್ತಿ. ತುದಿಗಳನ್ನು ತಾಮ್ರ ಹೊಳೆಯುವವರೆಗೆ ಬ್ಲೇಡಿನಿಂದ ಕೆರೆಯಿರಿ. ಇಲ್ಲದಿದ್ದರೆ ಎನಾಮಲ್ ವಿದ್ಯುತ್ತನ್ನು ಬಿಡುವುದೇ ಇಲ್ಲ.

ಕಟ್ಟಿಗೆಯ ಮೇಜಿನ ಮೇಲೆ ದಿಕ್ಸೂಚಿ ಇಡಿ. ಕಬ್ಬಿಣದ ಮಂಚ, ತಿಜೋರಿ, ಮೊಬೈಲ್ ದೂರವಿರಲಿ. ಪೆನ್ಸಿಲ್ ಸೆಲ್ಲಿನ ಹೊರಕವಚವೂ ಉಕ್ಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಅವನ್ನು ಅರ್ಧ ಮೀಟರ್ ಆಚೆ ಇಟ್ಟು, ಎರಡೂ ತಂತಿಗಳನ್ನು ಹೆಣೆದು ಎಳೆದುಕೊಳ್ಳಿ. ಮುಳ್ಳು ಉತ್ತರ-ದಕ್ಷಿಣವಾಗಿ ನಿಂತ ಮೇಲೆ ಸುರುಳಿಯನ್ನು ಅದರ ಪೂರ್ವಕ್ಕೆ ನಿಲ್ಲಿಸಿ. ಸುರುಳಿಯ ಅಕ್ಷ ಪೂರ್ವ-ಪಶ್ಚಿಮವಾಗಿದ್ದು, ಮುಳ್ಳಿನ ನಡುಬಿಂದುವಿನ ಮೂಲಕವೇ ಹಾಯಬೇಕು. ಎತ್ತರ ಸಾಲದಿದ್ದರೆ ದಿಕ್ಸೂಚಿಯ ಕೆಳಗೆ ಪುಸ್ತಕ ಕೊಡಿ.

ಎರಡು ಸೆಲ್, ಮಲ್ಟಿಮೀಟರ್, ಸುರುಳಿ ಮೂರನ್ನೂ ಸರಣಿಯಲ್ಲಿ ಜೋಡಿಸಿ, ಮುಳ್ಳು 45 ಡಿಗ್ರಿ ಹೊರಳುವವರೆಗೆ ಸುರುಳಿಯನ್ನು ಸರಿಸಿ. ಆ ಕ್ಷಣಕ್ಕೆ ತಕ್ಕಡಿಯ ಎರಡೂ ತಟ್ಟೆ ಸಮ: ಸುರುಳಿಯ ಕ್ಷೇತ್ರ ಭೂಮಿಯ ಸಮತಲ ಕ್ಷೇತ್ರಕ್ಕೆ ಸಮನಾಗಿದೆ. ನಮ್ಮ ಭಾಗದಲ್ಲಿ ಅದು ಸುಮಾರು 40 ಮೈಕ್ರೋಟೆಸ್ಲಾ. ಸುರುಳಿಯ ನಡುವಿನಿಂದ ಮುಳ್ಳಿನ ನಡುವಿನವರೆಗಿನ ಅಂತರ ಅಳೆಯಿರಿ. ಪ್ರವಾಹದ ದಿಕ್ಕು ಬದಲಿಸಿ ಮತ್ತೊಮ್ಮೆ ಅಳೆದು, ಎರಡೂ ಅಂತರಗಳ ಸರಾಸರಿ ತೆಗೆದುಕೊಳ್ಳಿ. ಸೆಲ್ಲಿನ ಶಕ್ತಿ ಬೇಗ ಇಳಿಯುತ್ತದೆ, ತಡಮಾಡಬೇಡಿ.

ಈಗ ಲೆಕ್ಕ. ಪ್ರವಾಹ 0.5 ಆಂಪಿಯರ್ ಇದ್ದರೆ ಅಂತರ ಸುಮಾರು 10 ಸೆಂ.ಮೀ. ಬರಬೇಕು. ಅಂತರದ ವರ್ಗಕ್ಕೆ ತ್ರಿಜ್ಯದ ವರ್ಗ ಕೂಡಿಸಿ: 100 ಮತ್ತು 16, ಒಟ್ಟು 116. ವರ್ಗಮೂಲ 10.77 ಸೆಂ.ಮೀ., ಮೀಟರಿನಲ್ಲಿ ಅದರ ಘನ 0.00125. ಈ ಘನವನ್ನು ಗುಣಿಸಬೇಕಾದ ಗುಣಕ, ಕ್ಷೇತ್ರವನ್ನು (ಟೆಸ್ಲಾದಲ್ಲಿ) 0.0000002ರಿಂದ ಭಾಗಿಸಿದಾಗ ಬರುವ ಸಂಖ್ಯೆ; ನಮ್ಮ 40 ಮೈಕ್ರೋಟೆಸ್ಲಾಕ್ಕೆ ಅದು 200 ಆಗುವುದರಿಂದ ಭ್ರಾಮಕ 0.25 ಆಂಪಿಯರ್-ಚದರ ಮೀಟರ್. ಪಠ್ಯದ ಸೂತ್ರವೂ ಇದನ್ನೇ ಕೊಡುತ್ತದೆ: 100 × 0.5 × 0.005. ಆದರೆ ಇಲ್ಲಿ ಸ್ಕೇಲು ಕಾಡುತ್ತದೆ. ಅಂತರದಲ್ಲಿ ಅರ್ಧ ಸೆಂ.ಮೀ. ಹೆಚ್ಚು ಓದಿದರೂ ಉತ್ತರ ಶೇ 13ರಷ್ಟು ಏರುತ್ತದೆ.

ಸುರುಳಿಯ ಜಾಗದಲ್ಲಿ ಚಿಕ್ಕ ದಂಡಕಾಂತವನ್ನು ಪೂರ್ವ-ಪಶ್ಚಿಮವಾಗಿ ಮಲಗಿಸಿದರೂ ಇದೇ ವಿಧಾನ. ಅಂತರದ ಘನವನ್ನು 200ರಿಂದ ಗುಣಿಸಿದರೆ ಸಾಕು. 5 ಸೆಂ.ಮೀ. ಉದ್ದದ ಕಾಂತ 20 ಸೆಂ.ಮೀ. ದೂರದಿಂದ ಮುಳ್ಳನ್ನು 45 ಡಿಗ್ರಿ ಹೊರಳಿಸಿದರೆ ಅದರ ಭ್ರಾಮಕ ಹೆಚ್ಚುಕಡಿಮೆ 1.6. ನಮ್ಮ ಸುರುಳಿ ಅಷ್ಟು ಗಳಿಸಲು 3 ಆಂಪಿಯರ್‌ಗೂ ಮಿಗಿಲು ಪ್ರವಾಹ ಬೇಕು. ಅದನ್ನು ಮಾತ್ರ ಮಾಡಲು ಹೋಗಬೇಡಿ, ತಂತಿಯೂ ಕಾಯುತ್ತದೆ, ಡಬ್ಬಿಯೂ ಕರಗುತ್ತದೆ.