ಪ್ರಾಂಗ್‌ಹಾರ್ನ್ ಫೋಟೋ ಬೇಕಾದರೆ ಅದರ ಹಿಂದೆ ಹೋಗಬೇಡಿ, ಕಾಯಿರಿ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದವರು ಕರಡಿ, ತೋಳ ಅಂತ ಹುಡುಕುತ್ತಾ ರಸ್ತೆ ಪಕ್ಕದಲ್ಲೇ ಮೇಯುವ, ಜಿಂಕೆಯಂತೆ ಕಾಣುವ ಪ್ರಾಂಗ್‌ಹಾರ್ನ್‌ಗಳನ್ನು ದಾಟಿ ಹೋಗಿಬಿಡುತ್ತಾರೆ. ನನಗಂತೂ ಅಲ್ಲಿ ಅದಕ್ಕಿಂತ ಇಷ್ಟದ ಪ್ರಾಣಿ ಇಲ್ಲ. ನೋಡಿದರೆ ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗದ ನೆಂಟ ಅನ್ನಿಸುತ್ತದೆ, ಆದರೆ ಈಗ ಬದುಕಿರುವ ಪ್ರಾಣಿಗಳಲ್ಲಿ ಇದಕ್ಕೆ ಹತ್ತಿರದವು ಜಿರಾಫೆ ಮತ್ತು ಅದರ ಕುಟುಂಬದ್ದೇ ಆದ ಒಕಾಪಿ!

ಉದ್ಯಾನದ ಈಶಾನ್ಯಕ್ಕಿರುವ ಲಾಮಾರ್ ಕಣಿವೆಗೆ ಬೆಳಗಿನ ಜಾವವೇ ಹೋಗಿ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಝಳಕ್ಕೆ ಎಷ್ಟು ಒಳ್ಳೆಯ ಲೆನ್ಸ್ ಇದ್ದರೂ ಚಿತ್ರ ಮಸುಕಾಗುತ್ತದೆ. ಗಂಡಿನ ಕೊಂಬಿನ ಕಪ್ಪು ಕವಚ ಪ್ರತಿ ವರ್ಷ ಬೆದೆಗಾಲ ಮುಗಿದ ಮೇಲೆ ಉದುರುತ್ತದೆ, ಹಾಗಾಗಿ ಕವಲೊಡೆದ ಕೊಂಬು, ಗಂಡುಗಳ ಓಟ, ಜಗಳ ಎಲ್ಲಾ ಬೇಕಿದ್ದರೆ ಸೆಪ್ಟೆಂಬರ್ ಕೊನೆಯ ಎರಡು ವಾರ ಒಳ್ಳೆಯದು.

ಬಯಲಲ್ಲಿ ಬಗ್ಗಿ, ತೆವಳಿ ಹತ್ತಿರ ಹೋಗೋಣ ಅಂದುಕೊಳ್ಳಬೇಡಿ. ಅದರ ಕಣ್ಣು ತುಂಬಾ ಚುರುಕು, ನೀವು ಅದನ್ನು ನೋಡುವ ಮೊದಲೇ ಅದು ನಿಮ್ಮನ್ನು ನೋಡಿರುತ್ತದೆ. ಕಾರೇ ನಿಮ್ಮ ಮರೆ. ನಿಲ್ಲಿಸಲು ಅವಕಾಶ ಇರುವ ಕಡೆ ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿ ಮೇಲೆ ಅಕ್ಕಿ ತುಂಬಿದ ಸಣ್ಣ ಚೀಲವಿಟ್ಟು ಅದರ ಮೇಲೆ ಲೆನ್ಸ್ ಇಡಿ. ಆಮೇಲೆ ಸುಮ್ನೆ ಕೂತಿರಿ, ಅರ್ಧ ಗಂಟೆಯಾದರೂ ಸರಿ. ಮೇಯುತ್ತಾ ಮೇಯುತ್ತಾ ತಾವಾಗಿಯೇ ಹತ್ತಿರ ಬರುವುದುಂಟು. ಉದ್ಯಾನದ ನಿಯಮದ ಪ್ರಕಾರ ಕನಿಷ್ಠ 23 ಮೀಟರ್ ದೂರ ಇರಲೇಬೇಕು, ಆದರೆ 500 ಎಂಎಂ ಲೆನ್ಸ್ ಇದ್ದರೆ ಅಷ್ಟು ಹತ್ತಿರದ ಅಗತ್ಯವೇ ಬರುವುದಿಲ್ಲ.

ಪ್ರಾಣಿಯ ಹಿಂಭಾಗದ ಬಿಳಿ ಕೂದಲು ಬಿಸಿಲಲ್ಲಿ ಫೋಟೋದಲ್ಲಿ ವಿವರವಿಲ್ಲದೆ ಸುಟ್ಟುಹೋಗುತ್ತದೆ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಓಡುವಾಗ ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗ ಮುಟ್ಟುವ ಪ್ರಾಣಿ ಇದು, ಶಟರ್ ವೇಗ 1/2000 ಸೆಕೆಂಡಿಗಿಂತ ನಿಧಾನ ಬೇಡ.

ಆ ಬಿಳಿ ಕೂದಲು ನಿಮಿರಿ ಅರಳಿದರೆ ಅದು ಹೆದರಿದೆ ಅಂತ ಅರ್ಥ. ಕ್ಯಾಮೆರಾ ಕೆಳಗಿಡಿ. ಜೂನ್‌ನಲ್ಲಿ ಹುಲ್ಲಿನಲ್ಲಿ ಒಂಟಿ ಮರಿ ಮಲಗಿದ್ದರೆ ಅದು ದಿಕ್ಕಿಲ್ಲದ ಮರಿಯಲ್ಲ, ತಾಯಿ ದೂರದಿಂದ ನೋಡುತ್ತಿರುತ್ತದೆ, ನೀವು ಅಲ್ಲಿ ನಿಂತಷ್ಟು ಹೊತ್ತೂ ಅದು ಹಾಲೂಡಿಸಲು ಬರುವುದಿಲ್ಲ. ಉದ್ಯಾನದ ಹೊರಗೆ, ವಯೋಮಿಂಗ್ ರಾಜ್ಯದ ಹುಲ್ಲುಗಾವಲುಗಳಲ್ಲಿ, ತಂತಿಬೇಲಿ ಪಕ್ಕದ ಹಿಂಡಿನ ಹತ್ತಿರ ಹೋಗಲೇಬೇಡಿ. ಇಷ್ಟು ವೇಗದ ಪ್ರಾಣಿಯಾದರೂ ಬೇಲಿ ಹಾರುವುದು ತೀರಾ ಅಪರೂಪ, ಕೆಳಗೆ ನುಸುಳಲು ಜಾಗ ಹುಡುಕುತ್ತದೆ, ಗಾಬರಿಯಲ್ಲಿ ತಂತಿಗೆ ಸಿಕ್ಕಿಕೊಳ್ಳಬಹುದು.